ಸಾಲಿನಲ್ಲಿ ಯಾರು ಮೊದಲು?

ಮಕ್ಕಳೇ, ರಾಗಿಯನ್ನು ಕೇರಿ, ಬೀಸಿ, ಜರಡಿ ಹಿಡಿಯುವುದನ್ನು ನೋಡಿದ್ದೀರಲ್ಲವೇ? ಒಬ್ಬರ ಕೈಯಿಂದ ಬಂದದ್ದು ಮತ್ತೊಬ್ಬರ ಕೈಗೆ ಹೋಗುತ್ತದೆ. ಕಂಪ್ಯೂಟರಿನಲ್ಲೂ ಹೀಗೆ ಒಂದೊಂದೇ ಕೆಲಸ ಬಲ್ಲ ಪುಟ್ಟ ಉಪಕರಣಗಳಿವೆ. ಹೆಸರನ್ನು ಟೈಪ್ ಮಾಡಿದರೆ ಅವು ಓಡುತ್ತವೆ. 'ಸಾರ್ಟ್' ಎಂಬುದು ಕಡತದ ಸಾಲುಗಳನ್ನು ಅಕಾರಾದಿಯಾಗಿ ಜೋಡಿಸುತ್ತದೆ. 'ಯುನೀಕ್' ಎಂಬುದು ಮತ್ತೆ ಬಂದ ಸಾಲನ್ನು ಕೈಬಿಡುತ್ತದೆ.

ತೋಟದ ನೀರಿನ ಕೊಳವೆಗೆ ಇನ್ನೊಂದು ತುಂಡು ಸೇರಿಸುವಂತೆ ಪ್ರೋಗ್ರಾಂಗಳನ್ನೂ ಜೋಡಿಸಲು ಬರಬೇಕು ಎಂದು ಅಮೆರಿಕದ ಬೆಲ್ ಪ್ರಯೋಗಾಲಯದ ಡಗ್ ಮೆಕಿಲ್‌ರಾಯ್ 1964ರಲ್ಲಿ ಬರೆದಿಟ್ಟರು. 1973ರಲ್ಲಿ ಅಲ್ಲಿಯೇ ಕೆನ್ ಥಾಂಪ್ಸನ್ ಯುನಿಕ್ಸ್‌ನಲ್ಲಿ ಅದನ್ನು ಮಾಡಿ ತೋರಿಸಿದರು. ಇದೇ 'ಪೈಪ್'. ಇಂದು ಎರಡು ಉಪಕರಣಗಳ ಹೆಸರಿನ ನಡುವೆ ನೆಟ್ಟಗಿನ ಒಂದು ಗೆರೆ ಹಾಕಿದರೆ ಸಾಕು, ಒಂದರಿಂದ ಬಂದದ್ದು ಇನ್ನೊಂದಕ್ಕೆ ಹರಿಯುತ್ತದೆ.

ಒಮ್ಮೆ ನಾನು ಭೂತಗನ್ನಡಿ ಕೇಳಿದ್ದ ಶಾಲೆಗಳ ಪಟ್ಟಿಯನ್ನು ನೇರವಾಗಿ ಯುನೀಕ್‌ಗೆ ಕೊಟ್ಟೆ. ಕಂಪ್ಯೂಟರ್ ಚಕಾರವೆತ್ತಲಿಲ್ಲ. ಬಂದ ಪಟ್ಟಿಯಂತೆ ಪೊಟ್ಟಣ ಕಟ್ಟಿ ಕಳಿಸಿದೆವು. ಒಂದು ಶಾಲೆಗೆ ಎರಡು ಹೋಯಿತು, ಪಟ್ಟಿಯ ಕೊನೆಯ ಶಾಲೆಗೆ ಒಂದೂ ಇಲ್ಲ! ಆ ಶಾಲೆಯ ಹುಡುಗಿಯೊಬ್ಬಳು, "ನಮ್ಮದು ಯಾಕೆ ಬರಲಿಲ್ಲ ಸಾರ್?" ಎಂದಾಗ ನನಗೆ ಉತ್ತರ ತಿಳಿದಿರಲಿಲ್ಲ.

ನೀವೇ ಮಾಡಿ ನೋಡಿ. ಐದು ಚೀಟಿಗಳಲ್ಲಿ ಹುಣಸೆ, ಬೇವು, ಹುಣಸೆ, ಹೊಂಗೆ, ಬೇವು ಎಂದು ಬರೆಯಿರಿ. ನಿಮ್ಮ ಗೆಳತಿ ಯುನೀಕ್ ಆಗಲಿ. ಅವಳು ಹಿಂದಿನ ಒಂದೇ ಚೀಟಿಯನ್ನು ನೆನಪಿಡಬೇಕು. ಹೊಸ ಚೀಟಿ ಅದರಂತೆಯೇ ಇದ್ದರೆ ಕೆಳಗಿಡಬೇಕು, ಬೇರೆಯಾಗಿದ್ದರೆ ಮುಂದೆ ಕೊಡಬೇಕು. ಐದೂ ದಾಟಿಹೋದವು! ಈಗ ಅವಳ ಮುಂದೆ ಸಾರ್ಟ್ ಆಗಿ ಇನ್ನೊಬ್ಬನನ್ನು ನಿಲ್ಲಿಸಿ. ಅವನು ಐದೂ ಚೀಟಿ ಕೈಸೇರುವವರೆಗೆ ಕಾದು, ಬೇವು, ಬೇವು, ಹುಣಸೆ, ಹುಣಸೆ, ಹೊಂಗೆ ಎಂದು ಜೋಡಿಸಿ ಕೊಡುತ್ತಾನೆ. ಮೂರೇ ಚೀಟಿ ದಾಟುತ್ತವೆ.

ಹಾಗೆಂದು ಯುನೀಕ್ ದಡ್ಡನಲ್ಲ. ಒಂದೇ ಸಾಲು ನೆನಪಿಡುವುದರಿಂದಲೇ ಕೋಟಿ ಸಾಲಿನ ಕಡತವೂ ಅದಕ್ಕೆ ಭಾರವಲ್ಲ.

2014ರಲ್ಲಿ ಎಲ್ಲರಿಗೂ ಮುಕ್ತವಾದ 'ನೈಫೈ' ಎಂಬ ತಂತ್ರಾಂಶ ಇಂಥ ಸಾಲನ್ನು ತಾನೇ ನಡೆಸುತ್ತದೆ. ಹೊಸ ಕಡತ ಬಂದೊಡನೆ ಉಪಕರಣಕ್ಕೆ ಕೊಟ್ಟು, ಹೊರಬಂದದ್ದನ್ನು ಮುಂದಕ್ಕೆ ಸಾಗಿಸುತ್ತದೆ. ಉಪಕರಣ 'ಆಗಲಿಲ್ಲ' ಎಂದರೆ ಬೇರೆ ದಾರಿಗೆ ತಿರುಗಿಸಲೂ ಬರುತ್ತದೆ. ಆದರೆ ನನ್ನ ಯುನೀಕ್ 'ಆಗಲಿಲ್ಲ' ಎನ್ನಲೇ ಇಲ್ಲವಲ್ಲ! ತನ್ನ ಕೆಲಸವನ್ನು ಅದು ಸರಿಯಾಗಿಯೇ ಮಾಡಿತ್ತು. ಹೆಚ್ಚಾಗಿ ಹೋಗಿದ್ದ ಪೊಟ್ಟಣವನ್ನು ತಂದು ಆ ಹುಡುಗಿಯ ಶಾಲೆಗೆ ನಾನೇ ಮುಟ್ಟಿಸಿದೆ.

ಈಗ ಸಾಲನ್ನು ತಿರುಗಿಸಿ, ಯುನೀಕ್ ಮೊದಲು, ಸಾರ್ಟ್ ಆಮೇಲೆ ನಿಲ್ಲಲಿ. ಕೊನೆಗೆ ಎಷ್ಟು ಚೀಟಿಗಳು ಹೊರಬರುತ್ತವೆ?