ತಿಮಿಂಗಿಲದ ದಾಯಾದಿಗಳು: ಜೀವಿಗಳ ನಂಟನ್ನು ಬೋಧಿಸುವ ಬಗೆ

ಜೀವವಿಕಾಸದ ಪಾಠದಲ್ಲಿ ಮಕ್ಕಳ ಮನಸ್ಸಿನಲ್ಲಿ ಬಹುಬೇಗ ನೆಲೆಯೂರುವ ತಪ್ಪು ಕಲ್ಪನೆಯೊಂದಿದೆ: ಜೀವಿಗಳೆಲ್ಲ ಒಂದೇ ಏಣಿಯ ಮೆಟ್ಟಿಲುಗಳು, ಕೆಳಗಿನ ಪ್ರಾಣಿಯೇ ಬದಲಾಗಿ ಮೇಲಿನದಾಗುತ್ತದೆ ಎಂಬುದು. ‘ಕೋತಿಯೇ ಮನುಷ್ಯನಾಗಿದ್ದರೆ ಇಂದಿಗೂ ಕೋತಿಗಳಿರುವುದೇಕೆ?’ ಎಂಬ ಪ್ರಶ್ನೆ ಹುಟ್ಟುವುದು ಇದರಿಂದಲೇ. ಈ ಕಲ್ಪನೆಯನ್ನು ತಿದ್ದಲು ತಿಮಿಂಗಿಲದ ಚರಿತ್ರೆ ಉತ್ತಮ ನಿದರ್ಶನ.

ತಿಮಿಂಗಿಲವು ಮೀನಿನಂತೆ ಕಂಡರೂ ಮೀನಲ್ಲ. ಅದು ಶ್ವಾಸಕೋಶಗಳಿಂದ ಉಸಿರಾಡುತ್ತದೆ, ಮರಿಗೆ ಹಾಲೂಡಿಸುತ್ತದೆ. ಮೀನಿನ ಬಾಲವು ಎಡಬಲಕ್ಕೆ ಆಡಿದರೆ ತಿಮಿಂಗಿಲದ ಬಾಲವು ಮೇಲೆಕೆಳಗೆ ಆಡುತ್ತದೆ. ಅದರ ಈಜುರೆಕ್ಕೆಯೊಳಗೆ ತೋಳು ಮತ್ತು ಬೆರಳುಗಳ ಮೂಳೆಗಳಿವೆ. ಒಡಲಿನಲ್ಲಿ ಸೊಂಟದ ಮೂಳೆಯ ಅವಶೇಷವೂ ಉಳಿದಿದೆ. ಅದರ ಪೂರ್ವಜರು ನೆಲದ ಮೇಲೆ ನಡೆದಾಡುತ್ತಿದ್ದವೆಂಬುದಕ್ಕೆ ಇವು ಸಾಕ್ಷಿ.

ಪಳೆಯುಳಿಕೆಗಳೂ ಇದನ್ನೇ ಹೇಳುತ್ತವೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಇಂದಿನ ಪಾಕಿಸ್ತಾನದ ಪ್ರದೇಶದಲ್ಲಿದ್ದ ಪಾಕಿಸೀಟಸ್ ನಾಲ್ಕು ಕಾಲಿನ ಪ್ರಾಣಿ. ಆದರೆ ಅದರ ಕಿವಿಯ ಮೂಳೆಯ ರಚನೆ ತಿಮಿಂಗಿಲದ್ದು. ಸುಮಾರು 4 ಕೋಟಿ ವರ್ಷಗಳ ಹಿಂದಿನ ಬೆಸಿಲೊಸಾರಸ್ ಪೂರ್ಣ ಕಡಲಜೀವಿ. ಈಜಿಪ್ಟಿನಲ್ಲಿ ದೊರೆತ ಅದರ ಅಸ್ಥಿಗಳಲ್ಲಿ ಪುಟ್ಟ ಹಿಂಗಾಲುಗಳಿವೆ. ಆರಂಭಕಾಲದ ತಿಮಿಂಗಿಲಗಳ ಕಣಕಾಲಿನ ಮೂಳೆಯ ಎರಡೂ ತುದಿಗಳು ರಾಟೆಯ ಆಕಾರದಲ್ಲಿವೆಯೆಂದು 2001ರಲ್ಲಿ ತಿಳಿದುಬಂತು. ಈ ಲಕ್ಷಣವಿರುವುದು ದನ, ಮೇಕೆ, ಜಿಂಕೆ, ನೀರಾನೆಗಳ ವರ್ಗದಲ್ಲಿ. ಡಿಎನ್‌ಎ ಹೋಲಿಕೆಯೂ ಇದಕ್ಕೆ ಹೊಂದುತ್ತದೆ: ಇಂದು ಬದುಕಿರುವ ಪ್ರಾಣಿಗಳಲ್ಲಿ ತಿಮಿಂಗಿಲ, ಡಾಲ್ಫಿನ್‌ಗಳ ಗುಂಪಿಗೆ ಅತಿ ಹತ್ತಿರದ ಬಂಧು ನೀರಾನೆ.

ಹಾಗೆಂದು ನೀರಾನೆ ತಿಮಿಂಗಿಲವಾಯಿತೆಂದು ಹೇಳಲಾಗದು. ನೀರಾನೆ ಕುಟುಂಬದ ಪಳೆಯುಳಿಕೆಗಳು ಆದಿ ತಿಮಿಂಗಿಲಗಳಿಗಿಂತ ಬಹಳ ಈಚಿನವು. ಎರಡಕ್ಕೂ ಸಮಾನ ಪೂರ್ವಜನಿತ್ತು. ಅದು ಇವೆರಡರಂತೆಯೂ ಇರಲಿಲ್ಲ. ಜಮ್ಮು ಪ್ರಾಂತದ ಕಾಲಾಕೋಟ್‌ನಲ್ಲಿ ಭೂವಿಜ್ಞಾನಿ ಎ. ರಂಗರಾವ್ ಸಂಗ್ರಹಿಸಿದ್ದ ಕಲ್ಲುಗಳಿಂದ ಬೆಳಕಿಗೆ ಬಂದ ಇಂಡೊಹೈಯಸ್ ಇದಕ್ಕೆ ಇನ್ನೊಂದು ಉದಾಹರಣೆ. ಪುಟ್ಟ ಜಿಂಕೆಯಂತಿದ್ದ ಅದರ ಕಿವಿಯ ಮೂಳೆಯೂ ತಿಮಿಂಗಿಲದ ಬಗೆಯದೆಂದು 2007ರಲ್ಲಿ ಪ್ರಕಟವಾಯಿತು. ಆದರೆ ಅದರ ಕಾಲ ಸುಮಾರು 4.8 ಕೋಟಿ ವರ್ಷಗಳ ಹಿಂದಿನದು, ಅಂದರೆ ಪಾಕಿಸೀಟಸ್‌ಗಿಂತ ಈಚಿನದು. ಆದ್ದರಿಂದ ಅದು ತಿಮಿಂಗಿಲದ ಅಜ್ಜನಲ್ಲ, ದಾಯಾದಿ.

ತರಗತಿಯಲ್ಲಿ ಮಕ್ಕಳಿಂದ ಮೊದಲು ತಮ್ಮ ಮನೆತನದ ವಂಶವೃಕ್ಷವನ್ನು ಬರೆಯಿಸಬಹುದು. ಚಿಕ್ಕಪ್ಪನ ಮಗನಿಂದ ತಾವು ಹುಟ್ಟಲಿಲ್ಲ, ಇಬ್ಬರಿಗೂ ಒಬ್ಬನೇ ಅಜ್ಜ ಎಂಬುದನ್ನು ಅವರು ತಾವೇ ಕಾಣುತ್ತಾರೆ. ಅನಂತರ ಅದೇ ಬಗೆಯ ಕೊಂಬೆಗಳಲ್ಲಿ ತಿಮಿಂಗಿಲ, ನೀರಾನೆ, ದನಗಳನ್ನು ಇರಿಸಬೇಕು. ಯಾವ ತಾಯಿಯೂ ಬೇರೊಂದು ಜಾತಿಯ ಮರಿಯನ್ನು ಹೆರಲಿಲ್ಲ, ಲಕ್ಷಾಂತರ ತಲೆಮಾರುಗಳ ಸಣ್ಣ ಬದಲಾವಣೆಗಳು ಕೂಡಿ ಇಷ್ಟು ದೊಡ್ಡ ಅಂತರವಾಯಿತೆಂದು ಒತ್ತಿ ಹೇಳಬೇಕು. ಇಷ್ಟಾದ ಮೇಲೆ ಕೋತಿಯ ಪ್ರಶ್ನೆಯನ್ನು ಮತ್ತೆ ಕೇಳಿದರೆ ಮಕ್ಕಳೇ ಉತ್ತರಿಸುವರು: ಕೋತಿ ನಮ್ಮ ಅಜ್ಜನಲ್ಲ, ದೂರದ ದಾಯಾದಿ.