ಡಾಲ್ಫಿನ್ ಕಾರಿಗೆ ಓಮ್ನಿ ಎಂಜಿನ್: ಕೂಡುತ್ತೆ, ಆದ್ರೆ ಆರ್‌ಸಿ?

ಕಡಗಂಚಿ: ಡಾಲ್ಫಿನ್ ಅಂದರೆ ಬರೀ ಕಡಲ ಪ್ರಾಣಿಯಲ್ರೀ. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಹೊರತಂದ ಎರಡು ಬಾಗಿಲ ಕಾರೂ ಹೌದು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಅಚ್ಚು. ಉಕ್ಕಿನ ಚಾಸಿ ಮೇಲೆ ಫೈಬರ್ ಮೈ, ಒಳಗೆ 848 ಸಿಸಿಯ ಅಲ್ಯುಮಿನಿಯಂ ಎಂಜಿನ್. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಡಾಲ್ಫಿನ್ ಮೂಲೆ ಸೇರಿತು.

ಫೈಬರ್ ಮೈಗೆ ತುಕ್ಕಿಲ್ಲ. ಕೈ ಕೊಡುವುದು ಎಂಜಿನ್ನು, ಬಿಡಿಭಾಗ ಸಿಗುವುದು ಕಷ್ಟ. ಹಾಗಂತ ಮಾರುತಿ 800ರ ಎಂಜಿನ್ ತಂದು ಕೂರಿಸಿದರೆ ಆಯ್ತು ಎನ್ನುವಂತಿಲ್ಲ. ಅದು ಅಡ್ಡಡ್ಡ ಮಲಗಿ ಮುಂದಿನ ಗಾಲಿ ತಿರುಗಿಸುತ್ತದೆ. ಡಾಲ್ಫಿನ್ನಿಗೆ ಎಳೆತ ಹಿಂದಿನ ಗಾಲಿಗೆ. ಓಮ್ನಿಯದೂ 796 ಸಿಸಿಯೇ, ಆದರೆ ಉದ್ದುದ್ದ ಕೂತು ಹಿಂದಿನ ಗಾಲಿಗೇ ಶಾಫ್ಟ್ ಕೊಡುತ್ತದೆ. ಗೇರ್‌ಬಾಕ್ಸ್ ಸಮೇತ ತಂದರೆ ಅರ್ಧ ಕೆಲಸ ಮುಗಿದಂತೆ. ಉಳಿದದ್ದು ಮೌಂಟಿಂಗ್ ವೆಲ್ಡಿಂಗ್, ಶಾಫ್ಟಿನ ಅಳತೆ, ರೇಡಿಯೇಟರ್. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ರೇಡಿಯೇಟರಿಗೆ ಜಿಪುಣತನ ಮಾಡಿದವನು ಆಳಂದ ರಸ್ತೆಯಲ್ಲಿ ಬಸ್ಸಿಗೆ ಕೈ ಮಾಡಬೇಕಾದೀತು.

ದೊಡ್ಡ ತೊಡಕು ಗ್ಯಾರೇಜಿನದಲ್ಲ, ಕಾಗದದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಇಂಥ ಬದಲಾವಣೆಗೆ ಆರ್‌ಟಿಓ ಒಪ್ಪಿಗೆ ಬೇಕು. ಎಂಜಿನ್ ನಂಬರು ಆರ್‌ಸಿಗೆ ತಾಳೆಯಾಗದಿದ್ದರೆ ಅಪಘಾತದ ವೇಳೆ ವಿಮೆಯವರು ತಕರಾರು ತೆಗೆದಾರು. ಗುಜರಿ ಎಂಜಿನ್ನಿಗೆ ಮುಂಗಡ ಕೊಡುವ ಮೊದಲೇ ಕಲಬುರಗಿಯ ಕಚೇರಿಗೆ ಹೋಗಿ ಕೇಳುವುದು ಲೇಸು.