ವಿಮಾನ ಹೇಳುವ ಎತ್ತರ ಯಾವ ಮಟ್ಟದಿಂದ?

ಲಿಂಗರಾಜಪುರದ ಶಾಲೆಯೊಂದರಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ 8ನೇ ತರಗತಿಗೆ ವಾತಾವರಣದ ಒತ್ತಡದ ಪಾಠ ಮಾಡುತ್ತಿದ್ದೆ. ಎಚ್.ಎ.ಎಲ್. ಕಡೆಯಿಂದ ಬಂದ ಹೆಲಿಕಾಪ್ಟರಿನ ಸದ್ದಿಗೆ ಮಕ್ಕಳೆಲ್ಲ ಕಿಟಕಿಯತ್ತ ತಿರುಗಿದರು. ಅದನ್ನೇ ಉದಾಹರಣೆ ಮಾಡಿಕೊಂಡು, "ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಅದನ್ನು ಅಳೆದು ವಿಮಾನ ನೆಲದಿಂದ ತಾನೆಷ್ಟು ಎತ್ತರದಲ್ಲಿದೆ ಎಂದು ತಿಳಿಯುತ್ತದೆ" ಎಂದೆ. ಒಬ್ಬ ಹುಡುಗಿ ಕೇಳಿದಳು: "ಮಿಸ್, ಬೆಂಗಳೂರೇ ಎತ್ತರದಲ್ಲಿದೆಯಲ್ಲ? ಇಲ್ಲಿ ನಿಂತಿರುವ ವಿಮಾನ ಸೊನ್ನೆ ತೋರಿಸುತ್ತಾ?" "ಹೌದು, ಸೊನ್ನೆ" ಎಂದುಬಿಟ್ಟೆ. ಉತ್ತರ ತಪ್ಪಾಗಿತ್ತು. ಅದನ್ನು ತಿದ್ದಲು ಹೊರಟಾಗ ನನಗೆ ತಿಳಿದದ್ದನ್ನು ಇಲ್ಲಿ ವಿವರಿಸಿದ್ದೇನೆ.

ಜಕ್ಕೂರಿನಲ್ಲಿ ತರಬೇತಿಗೆ ಬಳಸುವ ಸೆಸ್ನಾದಂತಹ ಸಣ್ಣ ವಿಮಾನದಲ್ಲಿ ಎತ್ತರವನ್ನು ಹೇಳುವ ಸಾಧನಗಳು ಎರಡು. ಒಂದು, ಪೈಲಟ್ ನೋಡುವ ಆಲ್ಟಿಮೀಟರ್. ಇನ್ನೊಂದು, ಟ್ರಾನ್ಸ್‌ಪಾಂಡರ್. ನೆಲದ ರಾಡಾರ್ 1030 ಮೆಗಾಹರ್ಟ್ಸ್‌ನಲ್ಲಿ ಪ್ರಶ್ನೆ ಕಳಿಸಿದರೆ ಟ್ರಾನ್ಸ್‌ಪಾಂಡರ್ 1090 ಮೆಗಾಹರ್ಟ್ಸ್‌ನಲ್ಲಿ ಉತ್ತರಿಸುತ್ತದೆ. ಉತ್ತರದಲ್ಲಿ ವಿಮಾನವನ್ನು ಗುರುತಿಸುವ ನಾಲ್ಕಂಕಿಯ ಸಂಕೇತವಿರುತ್ತದೆ. ಗುಂಡಿಯನ್ನು 'ಆಲ್ಟ್' ಸ್ಥಾನಕ್ಕೆ ತಿರುಗಿಸಿದ್ದರೆ ಎತ್ತರವೂ ಇರುತ್ತದೆ. ಹಳೆಯ 'ಮೋಡ್ ಸಿ' ಸಾಧನಗಳು ಎತ್ತರವನ್ನು ನೂರು ನೂರು ಅಡಿಗಳ ಹಂತದಲ್ಲಿ ಹೇಳುತ್ತವೆ. ಪರದೆಯಲ್ಲಿ 045 ಎಂದಿದ್ದರೆ 4,500 ಅಡಿ ಎಂದು ಓದಬೇಕು.

ಎರಡೂ ಸಾಧನಗಳು ಅಳೆಯುವುದು ಎತ್ತರವನ್ನಲ್ಲ, ಒತ್ತಡವನ್ನು. ಒತ್ತಡವನ್ನು ಎತ್ತರವಾಗಿ ಬದಲಿಸಲು ಒಂದು ಆಧಾರಮಟ್ಟ ಬೇಕು. ಸಮುದ್ರಮಟ್ಟದ ಒತ್ತಡ ದಿನದಿಂದ ದಿನಕ್ಕೆ ಬದಲಾಗುತ್ತದೆ. ಅಂದಿನ ಬೆಲೆಯನ್ನು ನಿಯಂತ್ರಣ ಕೇಂದ್ರದಿಂದ ಕೇಳಿ ತಿಳಿದು ಪೈಲಟ್ ಆಲ್ಟಿಮೀಟರಿನ ಗುಂಡಿ ತಿರುಗಿಸಿ ಹೊಂದಿಸುತ್ತಾರೆ. ಆಗ ಅದು ಸಮುದ್ರಮಟ್ಟದಿಂದ ಎತ್ತರವನ್ನು ತೋರಿಸುತ್ತದೆ. ಟ್ರಾನ್ಸ್‌ಪಾಂಡರ್ ಕಳಿಸುವ ಅಂಕಿಗೂ ಆ ಗುಂಡಿಗೂ ಸಂಬಂಧವಿಲ್ಲ. ಅದು ಯಾವಾಗಲೂ 1013.25 ಹೆಕ್ಟೋಪಾಸ್ಕಲ್ ಎಂಬ ಪ್ರಮಾಣಿತ ಬೆಲೆಯನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತದೆ.

ಒಂದು ಲೆಕ್ಕ ಮಾಡೋಣ. 1 ಹೆಕ್ಟೋಪಾಸ್ಕಲ್‌ಗೆ ಅಂದಾಜು 30 ಅಡಿ ಎಂದಿಟ್ಟುಕೊಳ್ಳಿ. ಮಳೆಗಾಲದ ಒಂದು ದಿನ ಸಮುದ್ರಮಟ್ಟದ ಒತ್ತಡ 1009 ಇದೆ, ಪೈಲಟ್‌ನ ಆಲ್ಟಿಮೀಟರ್ 4,500 ಅಡಿ ತೋರಿಸುತ್ತಿದೆ ಎನ್ನೋಣ. ಪ್ರಮಾಣಿತ ಬೆಲೆಗಿಂತ ಒತ್ತಡ ಸುಮಾರು 4 ಕಡಿಮೆ. ಆದ್ದರಿಂದ ಟ್ರಾನ್ಸ್‌ಪಾಂಡರಿನ ಲೆಕ್ಕದಲ್ಲಿ ವಿಮಾನ 120 ಅಡಿ ಹೆಚ್ಚು ಎತ್ತರದಲ್ಲಿದೆ: 4,620, ಅಂದರೆ 046. ಚಳಿಗಾಲದಲ್ಲಿ ಒತ್ತಡ 1017 ಆದರೆ 4,380, ಅಂದರೆ 044. ವಿಮಾನದ ಎತ್ತರ ಒಂದೇ, ಓದಿದ ಅಂಕಿಗಳು ಮೂರು. ಯಾವ ಸಾಧನವೂ ಕೆಟ್ಟಿಲ್ಲ.

ಹಾಗಾದರೆ ಟ್ರಾನ್ಸ್‌ಪಾಂಡರನ್ನೂ ಅಂದಿನ ಒತ್ತಡಕ್ಕೆ ಹೊಂದಿಸಬಾರದೇಕೆ? ಒಬ್ಬ ಪೈಲಟ್ ಗುಂಡಿಯನ್ನು ತಪ್ಪಾಗಿ ತಿರುಗಿಸಿದರೆ ಆ ತಪ್ಪು ಉಳಿದವರಿಗೂ ತಲುಪುತ್ತದೆ. ಎಲ್ಲ ವಿಮಾನಗಳೂ ಒಂದೇ ಮಟ್ಟದಿಂದ ಎಣಿಸಿದರೆ ಎರಡು ವಿಮಾನಗಳ ನಡುವಿನ ಅಂತರ ಸರಿಯಾಗಿ ಸಿಗುತ್ತದೆ. ಕೆಳಗೆ ಹಾರುವ ವಿಮಾನಗಳಿಗೆ ಬೇಕಾದ ತಿದ್ದುಪಡಿಯನ್ನು ನೆಲದ ಗಣಕಯಂತ್ರ ಮಾಡಿಕೊಳ್ಳುತ್ತದೆ. ಜಕ್ಕೂರಿನ ಸುತ್ತ ಯಲಹಂಕದ ವಾಯುನೆಲೆಯೂ ದೇವನಹಳ್ಳಿಯ ವಿಮಾನ ನಿಲ್ದಾಣವೂ ಇರುವುದರಿಂದ ಅಲ್ಲಿ ಇದು ಬಹಳ ಮುಖ್ಯ.

ಈ ಅಂಕಿ ಪರದೆಯ ಮೇಲೆ ಇಲ್ಲದಿದ್ದರೆ ಏನಾಗಬಹುದು ಎಂಬುದಕ್ಕೆ 1996ರ ನವೆಂಬರ್ 12ರ ಚರ್ಖಿ ದಾದ್ರಿ ದುರಂತ ಸಾಕ್ಷಿ. ದೆಹಲಿಯಿಂದ ಹೊರಟ ಸೌದಿ ವಿಮಾನಕ್ಕೆ 14,000 ಅಡಿ, ಇಳಿಯುತ್ತಿದ್ದ ಕಜಕಸ್ತಾನದ ವಿಮಾನಕ್ಕೆ 15,000 ಅಡಿ ನಿಗದಿಯಾಗಿತ್ತು. ಎರಡನೆಯದು ತನ್ನ ಮಟ್ಟಕ್ಕಿಂತ ಕೆಳಗಿಳಿಯಿತು. ಆಗ ಅಲ್ಲಿದ್ದ ಪ್ರಾಥಮಿಕ ರಾಡಾರ್ ವಿಮಾನದ ದಿಕ್ಕು, ದೂರಗಳನ್ನು ತೋರಿಸುತ್ತಿತ್ತೇ ಹೊರತು ಎತ್ತರವನ್ನಲ್ಲ. ಡಿಕ್ಕಿಯಲ್ಲಿ 349 ಮಂದಿ ಸತ್ತರು. ಬಳಿಕ ಭಾರತದಲ್ಲಿ ವಾಣಿಜ್ಯ ವಿಮಾನಗಳಿಗೆ ಡಿಕ್ಕಿ ತಪ್ಪಿಸುವ ಸಾಧನ ಕಡ್ಡಾಯವಾಯಿತು. ಆ ಸಾಧನವೂ ಎದುರಿನ ವಿಮಾನದ ಟ್ರಾನ್ಸ್‌ಪಾಂಡರ್ ಹೇಳುವ ಎತ್ತರವನ್ನೇ ನಂಬಿದೆ.

ಮುಂದಿನ ಅವಧಿಯಲ್ಲಿ ಮೊದಲು ಕಪ್ಪುಹಲಗೆಯ ಮೇಲೆ "ನಿನ್ನೆ ಹೇಳಿದ ಉತ್ತರ ತಪ್ಪು" ಎಂದು ಬರೆದೆ. ಎಚ್.ಎ.ಎಲ್. ನಿಲ್ದಾಣವಿರುವುದು ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಎತ್ತರದಲ್ಲಿ. ಅಲ್ಲಿ ನಿಂತ ವಿಮಾನದ ಆಲ್ಟಿಮೀಟರ್ ಅದನ್ನೇ ತೋರಿಸುತ್ತದೆ. ಟ್ರಾನ್ಸ್‌ಪಾಂಡರ್ ಅಂದಿನ ಒತ್ತಡಕ್ಕೆ ತಕ್ಕಂತೆ 028ರಿಂದ 030ರ ಆಸುಪಾಸಿನ ಅಂಕಿ ಕಳಿಸುತ್ತದೆ. ಬಳಿಕ ಒತ್ತಡಮಾಪಕವಿರುವ ಮೊಬೈಲ್ ಹಿಡಿದು ಶಾಲೆಯ ಮೆಟ್ಟಿಲು ಹತ್ತಿದೆವು. ನೆಲದಲ್ಲಿ ಸುಮಾರು 910 ಇದ್ದದ್ದು ಮೂರು ಮಹಡಿ ಏರುವಷ್ಟರಲ್ಲಿ ಹೆಚ್ಚುಕಡಿಮೆ 1 ಹೆಕ್ಟೋಪಾಸ್ಕಲ್ ಇಳಿಯಿತು. ಮೂರು ಮಹಡಿ ಎಂದರೆ ಹತ್ತಿರಹತ್ತಿರ 30 ಅಡಿ. ಲೆಕ್ಕದಲ್ಲಿ ಬಳಸಿದ ಅಂಕಿ ಎಲ್ಲಿಂದ ಬಂತೆಂದು ಮಕ್ಕಳೇ ಹೇಳಿದರು.

ಮೌಲ್ಯಮಾಪನದಲ್ಲಿ ಮಾತ್ರ ಹಲವರು ಕೂಡಬೇಕಾದಲ್ಲಿ ಕಳೆದಿದ್ದರು. ಸೂತ್ರಕ್ಕೆ ಮೊದಲು ಚಿತ್ರ ಬರೆಯದಿದ್ದುದು ನನ್ನ ಕೊರತೆ. ಈ ಪಾಠ ಮಾಡುವ ಸಹಪಾಠಿಗಳು ಮೊದಲು ನೆಲ, ಸಮುದ್ರಮಟ್ಟ, 1013.25ರ ಮಟ್ಟ ಎಂದು ಮೂರು ಗೆರೆ ಎಳೆದು, ಮೇಲೊಂದು ವಿಮಾನ ಬರೆಯಲಿ. ಮಳೆಗಾಲದ ಆ ದಿನ ಮೂರನೆಯ ಗೆರೆ ಸಮುದ್ರಮಟ್ಟಕ್ಕಿಂತ ಕೆಳಗೆ ಬರುತ್ತದೆ. ವಿಮಾನಕ್ಕೂ ಆ ಗೆರೆಗೂ ದೂರ ಹೆಚ್ಚಿದ್ದನ್ನು ಕಣ್ಣಾರೆ ಕಂಡ ಮಗು ಕಳೆಯುವುದಿಲ್ಲ, ಕೂಡುತ್ತದೆ.